ಕಾಕಾ ಹೆಸರಿನ ಸಾಲು

ಕಾಕಾ ಅವರ ಬಲಗೈ ತೋರುಬೆರಳಿನ ಉಗುರು ಸೀಳಿತ್ತು. ತಂಬಾಕಿಗೆ ಹಚ್ಚುವ ಸುಣ್ಣ ಆ ಸೀಳಿನಲ್ಲಿ ಸದಾ ಬೆಳ್ಳಗೆ ಕೂತಿರುತ್ತಿತ್ತು. ಎಂಟರ್ ಒತ್ತುವ ಮುಂಚೆ ಆ ಬೆರಳನ್ನು ಮೇಲೆತ್ತಿ ಹಿಡಿದು, ಬರೆದದ್ದನ್ನು ಇನ್ನೊಮ್ಮೆ ಓದುತ್ತಿದ್ದರು. ನೋಡುತ್ತ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಅವರು ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದರು. ವಿಜಯಪುರದ ಕಡೆಯವರು, ಎಲ್ಲರಿಗೂ ಕಾಕಾ. ವರ್ಷವರ್ಷವೂ ಮುಂದುವರಿಸಬೇಕಾದ ಗುತ್ತಿಗೆ ನೌಕರಿ. ಮೈಸೂರಿನಿಂದ ಬಂದ ನಾನು ಅವರ ಕೈಕೆಳಗೆ ಕೆಲಸ ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು, ಹೆಚ್ಚಾಗಿ ಒಳಗೊಳಗೇ ನಗುತ್ತಿದ್ದೆ. ಲಿನಕ್ಸ್‌ನ ಯಾವ ಫೈಲು ಮುಟ್ಟಿದರೂ ಮೊದಲು ಅದರ ಪ್ರತಿ ತೆಗೆದಿಡಬೇಕು, ತಿದ್ದಿದ ಸಾಲಿನ ಮೇಲೆ ನಮ್ಮ ಹೆಸರು ಬರೆಯಬೇಕು. "ಹೆಸರ ಬರದ್ರ ಕೈ ತಾನ ಹುಷಾರ ಆಗ್ತದ ನೋಡ್ರಿ" ಎನ್ನುತ್ತಿದ್ದರು. ನನ್ನಂಥವನಿಗೂ 'ರೀ' ತಪ್ಪಿಸುತ್ತಿರಲಿಲ್ಲ.

ಒಂದು ಬುಧವಾರ ಸರ್ವರಿಗೆ ಹೊಸ ಡಿಸ್ಕ್ ಸೇರಿಸುವ ಕೆಲಸ ನನಗೆ ಬಂತು. ಯಂತ್ರ ಶುರುವಾಗುವಾಗ ಯಾವ ಯಾವ ಡಿಸ್ಕ್ ಜೋಡಿಸಿಕೊಳ್ಳಬೇಕು ಎಂಬುದು ಒಂದು ಫೈಲಿನಲ್ಲಿರುತ್ತದೆ. ಕಾಕಾ ಹಿಂದೆ ಬರೆದಿದ್ದ ಸಾಲನ್ನು ಅವರ ಹೆಸರಿನ ಸಮೇತ ನಕಲು ಮಾಡಿ ಕೆಳಗೆ ಅಂಟಿಸಿದೆ. ಅದರಲ್ಲಿ ಹೊಸ ಡಿಸ್ಕಿನ ಉದ್ದನೆಯ ಗುರುತು ತುಂಬುವಾಗ ಒಂದು ಅಕ್ಷರ ತಪ್ಪಿತು. ಪ್ರತಿ ತೆಗೆದಿಡಲಿಲ್ಲ, ಪರೀಕ್ಷೆ ಮಾಡಲಿಲ್ಲ, ಅವರ ಹೆಸರು ಅಳಿಸುವುದಕ್ಕೂ ಸೋಮಾರಿತನ. ಪುಣೆಗೆ ಕಂಪನಿ ಬಸ್ಸು ಹೊರಡುವುದರಲ್ಲಿತ್ತು.

ಗುರುವಾರ ವಾರದ ರಜೆ. ಕರೆಂಟೂ ಇರುವುದಿಲ್ಲವೆಂದು ಎಲ್ಲ ಯಂತ್ರಗಳನ್ನೂ ಆರಿಸಿದ್ದರು. ಶುಕ್ರವಾರ ಬೆಳಿಗ್ಗೆ ಶುರು ಮಾಡಿದರೆ ಆ ಸರ್ವರ್ ಇಲ್ಲದ ಡಿಸ್ಕನ್ನು ಹುಡುಕಿ ಹುಡುಕಿ, ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತ ನಿಂತುಬಿಟ್ಟಿತು. ಕಾರ್ಖಾನೆಯೂ ನಿಂತಿತು. ಕಾಕಾ ಬಂದು ಫೈಲು ತೆರೆದರು, ಸಾಲುಸಾಲಾಗಿ ಓದಿದರು. ತಾವು ಬರೆಯದ ಸಾಲಿನ ಮೇಲೆ ತಮ್ಮ ಹೆಸರು ಕಂಡು ನನ್ನ ಮುಖ ನೋಡಿದರು. ಆಮೇಲೆ ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಅದನ್ನು ನಿಷ್ಕ್ರಿಯ ಮಾಡಿ, ಯಂತ್ರವನ್ನು ಮತ್ತೆ ಶುರು ಮಾಡಿದರು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು.

ಆದರೆ ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು. "ಹೇ ನಾವ್ ತುಮ್ಚಂಚ್ ನಾ, ಕಾಕಾ?" ಎನ್ನುತ್ತ ಪರದೆಯ ಮೇಲಿನ ಹೆಸರು ತೋರಿಸಿ, ಇದು ನಿಮ್ಮದೇ ಹೆಸರಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಮತ್ತೆ ನನ್ನ ಕಡೆ ನೋಡಿದರು. ಆ ತಿಂಗಳೇ ನನ್ನ ನೌಕರಿ ಕಾಯಂ ಆಗುವುದಿತ್ತು. ನಾನು ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ಕಾಕಾ ಹೌದೆಂದು ತಲೆಯಾಡಿಸಿದರು.

ಅವರ ಗುತ್ತಿಗೆ ಮುಂದುವರಿಯಲಿಲ್ಲ. ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಕೊನೆಯ ದಿನ ಗೇಟಿನವರೆಗೆ ಹೋಗಿ, "ಯಾಕೆ ಕಾಕಾ, ನೀವು ಹೇಳ್ಬಿಡಬೋದಿತ್ತಲ್ಲ?" ಎಂದು ಕೇಳಿದೆ. ಕೇಳಿದ ನಾಚಿಕೆಗೆಟ್ಟವನು ನಾನೇ.

"ನೀವು ಹೇಳ್ತೀರಿ ಅಂತ ದಾರಿ ನೋಡಿದೆ" ಎಂದರು.

ಎರಡು ವರ್ಷದ ಮೇಲೆ ಅವರು ಎದೆನೋವಿನಿಂದ ಹೋದರು. ಸುದ್ದಿ ತಿಳಿದು ಮನೆಗೆ ಹೋದಾಗ ಅವರ ಹೆಂಡತಿ ಕಾಕೂ ನನ್ನೆದುರು ಚಹಾ ಇಟ್ಟು ಕೂತರು. "ನೀವು ಅವರ ಜೋಡಿನ ಇದ್ರಿ. ಖರೇನ ಅವರ ಕೈಲೆ ತಪ್ಪಾಗಿತ್ತೇನ್ರಿ?"

"ಇಲ್ಲ ಕಾಕೂ, ತಪ್ಪು ಮಾಡಿದ್ದು ನಾನು" ಎಂದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ತಪ್ಪ ನಂದಲ್ಲ ಅಂತ ನನ್ನ ಮುಂದ ಒಂದ ಸಲ ಅಂದಿದ್ರು" ಎಂದರು. "ನಾ ನಂಬಲಿಲ್ರಿ."