ಪರದೆಯ ಹಿಂದಿನ ಬಕೆಟ್ಟು

ನಾವು ನೈರೋಬಿಗೆ ಬಂದ ಹೊಸತು. ಅಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ಶಾಲೆಯೊಂದರಲ್ಲಿ ಹೆಸರಾಂತ ಬ್ರಿಟಿಷ್ ನಟರೊಬ್ಬರ ಏಕವ್ಯಕ್ತಿ ನಾಟಕ ಎರಡು ದಿನ ಇತ್ತು. ಪ್ರಾಯೋಜಕರು ನನ್ನ ಗಂಡನ ಬ್ಯಾಂಕಿನವರು. ಅಂಥ ಅತಿಥಿಗೆ ಒಣ ಸ್ಯಾಂಡ್‌ವಿಚ್ಚೇ ಗತಿಯಾಗಬಾರದೆಂದು ನಾನು ಮಧ್ಯಾಹ್ನವೇ ಡಬ್ಬಿ ತುಂಬ ಬಿಸಿಬೇಳೆಬಾತ್ ಕಳಿಸಿದ್ದೆ.

ಸಂಜೆ ಪರದೆ ಏಳುವ ಮುಂಚೆ ನೀರು ಕೊಡಲು ಹೋದರೆ, ನಾವು ಸಿನಿಮಾದಲ್ಲಿ ಚಕ್ರವರ್ತಿಯಾಗಿ ಕಂಡಿದ್ದ ಆ ಮನುಷ್ಯ ಬಕೆಟ್ಟಿಗೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದರು.

"ಖಾರ ಕಮ್ಮಿ ಹಾಕು ಅಂತ ಬಡ್ಕೊಂಡೆ, ಕೇಳಿದ್ಯಾ?" ಹಿಂದೆ ಬಂದ ಗಂಡ ಪಿಸುಗುಟ್ಟಿದರು.

"ಬ್ಯಾಡಗಿ ಮೆಣಸಿನಕಾಯಿಗೆ ಯಾರೂ ಸಾಯಲ್ಲ, ಸುಮ್ನಿರಿ!" ಎಂದು ರೇಗಿದೆ. ಆದರೆ ನಟರ ಮುಂದೆ ನಿಂತಾಗ ಗಾಬರಿಗೆ ಇಂಗ್ಲಿಷ್ ಕೂಡ ಹೊರಡಲಿಲ್ಲ. "ಪೋಲೆ, ಪೋಲೆ" ಎಂದು ಇಲ್ಲಿನವರಂತೆ ಕ್ಷಮೆ ಕೇಳಿದೆ.

ಅವರು ಬಾಯಿ ಒರೆಸಿಕೊಂಡು ಮೇಜಿನತ್ತ ಕೈ ತೋರಿಸಿದರು. ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ನಾಟಕದ ದಿನ ಆಟ ಮುಗಿಯುವವರೆಗೆ ಅವರು ಏನೂ ತಿನ್ನುವುದಿಲ್ಲವಂತೆ. ಇದು ಬರೀ ಭಯ, ಮೊದಲ ನಾಟಕದಿಂದಲೂ ಹೀಗೇ ಎಂದರು.

ಆಟ ಮುಗಿದ ಮೇಲೆ ಡಬ್ಬಿ ಬಳಿದು ತಿಂದರು. ಹೊರಡುವಾಗ ನನ್ನನ್ನು ಕರೆದು ಹೇಳಿದರು: ನಾಳೆಯೂ ಇದನ್ನೇ ಕಳಿಸಿ, ಆದರೆ ಆ ಬಕೆಟ್ಟನ್ನು ಯಾರೂ ತೆಗೆಯದಂತೆ ನೋಡಿಕೊಳ್ಳಿ.