ದೋನ್ಯಾ ಕೂಕಾ ಮತ್ತು ಗುಂಡು ಹಾರಿಸುವ ಪೆಟ್ಟಿಗೆ

ಜನವರಿಯ ಕೊನೆಯ ಮಂಗಳವಾರ. ಬೆಳಿಗ್ಗೆ ಏಳೂಮುಕ್ಕಾಲಿಗೆ ಪರ್ರಾಲ್ ಊರಿನ ಗುಡ್ಡದ ಶಾಲೆಯ ಗೇಟಿನೊಳಗೆ ಎರಡು ಮೇಜುಗಳಿದ್ದವು. ಒಂದರ ಹಿಂದೆ ಪೋಷಕರ ಸಮಿತಿಯ ಅಧ್ಯಕ್ಷೆ ಇದೊಲೀನಾ, ಇನ್ನೊಂದರ ಹಿಂದೆ ಅಂಗಡಿಯ ಕೂಕಾ, ಹಿರಿಯಳೆಂಬ ಗೌರವಕ್ಕೆ ಊರಿಗೆಲ್ಲ ದೋನ್ಯಾ. ಮಕ್ಕಳು ಚಳಿಗೆ ಮೂಗು ಒರೆಸಿಕೊಳ್ಳುತ್ತ ಸಾಲಾಗಿ ಬಂದು ಬೆನ್ನಿನ ಚೀಲ ಇಳಿಸಬೇಕು, ಇವರು ಜಿಪ್ಪು ಎಳೆದು ಒಳಗೆ ಕೈಹಾಕಿ ನೋಡಬೇಕು. ಪುಸ್ತಕ, ಬಟ್ಟೆಯಲ್ಲಿ ಸುತ್ತಿದ ಬುರ್ರಿತೊ ರೊಟ್ಟಿ, ಅರ್ಧ ತಿಂದ ಸೇಬು, ಒಂಟಿ ಕಾಲುಚೀಲ. ಕೂಕಾಳದು ಮೂವತ್ತು ವರ್ಷ ಕಾಳು ಅಳೆದ ಕೈ. ಚೀಲ ಎತ್ತುವಾಗಲೇ ಒಳಗೇನಿದೆಯೆಂದು ಅರ್ಧ ಗೊತ್ತಾಗಿಬಿಡುತ್ತಿತ್ತು.

ತಪಾಸಣೆ ಶುರುವಾಗಿ ಆರು ದಿನವಾಗಿತ್ತು. ಅದಕ್ಕೂ ಸ್ವಲ್ಪ ಮೊದಲು ದೂರದ ಊರೊಂದರ ಶಾಲೆಯಲ್ಲಿ ಹುಡುಗನೊಬ್ಬ ಪಿಸ್ತೂಲು ತಂದು ಹಾರಿಸಿದ್ದ. ಆ ಪಿಸ್ತೂಲು ಅವನ ಮನೆಗೆ ಎಲ್ಲಿಂದ ಬಂತು ಎಂದು ಟೀವಿಯವರು ಒಂದು ದಿನ ಕೇಳಿದರು. ಅವನು ಯಾವ ಆಟ ಆಡುತ್ತಿದ್ದ ಎಂದು ವಾರವಿಡೀ ಕೇಳಿದರು. ಗುಡ್ಡದ ತಾಯಂದಿರಿಗೆ ನಿದ್ದೆ ಹಾರಿಹೋಯಿತು. ಹೆದರದೆ ಇರುವುದಾದರೂ ಹೇಗೆ? ಸಭೆ ಸೇರಿ, ಸರದಿಯ ಮೇಲೆ ಚೀಲ ನೋಡುವುದು ಎಂದಾಯಿತು. ಹೆಡ್‌ಮಾಸ್ತರ್ ಬಾಲ್ದೊಮೇರೊ ಬೆಳಗಿನ ಸಾಲಿನಲ್ಲಿ ಮೈಕು ಹಿಡಿದು ಮೂರು ಸಲ ಹೇಳಿದರು: "ಇರಬಾರದ ವಸ್ತು ಸಿಕ್ರೆ ಅದು ವಾಪಸ್ ಮನೆಗೆ ಹೋಗಲ್ಲ. ಯಾರು ಬಂದು ಕೇಳಿದ್ರೂ ಕೊಡಲ್ಲ. ಸೀದಾ ಪೊಲೀಸ್ ಠಾಣೆಗೆ." ಮಕ್ಕಳು ಕಾಲು ಬದಲಿಸುತ್ತ ಕೇಳಿಸಿಕೊಂಡರು. ಅವರಲ್ಲಿ ಒಬ್ಬಳು ಬಹಳ ಗಮನವಿಟ್ಟು ಕೇಳಿದ್ದಳು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅದೇ ಸಭೆಯಲ್ಲಿ ಕೂಕಾಳ ಮರ್ಯಾದೆಯೂ ಹೋಗಿತ್ತು. ಅವಳ ಅಂಗಡಿಯ ಮೂಲೆಯಲ್ಲಿ ಆಟದ ಪೆಟ್ಟಿಗೆಯೊಂದಿತ್ತು. ನಾಣ್ಯ ಹಾಕಿದರೆ ಪರದೆಯ ಮೇಲೆ ಸಿಪಾಯಿಗಳು ಹಾರಿ ಹಾರಿ ಗುಂಡು ಹೊಡೆದು ಸಾಯುತ್ತಿದ್ದರು. ಊರಿನ ಗಣಿ ಮುಚ್ಚಿದ ವರ್ಷ ಅವಳ ಗಂಡ ಚೋನ್ ಅದನ್ನು ಹಳೆಯ ಸಾಮಾನಿನವರಿಂದ ತಂದು, ಮೂರು ವರ್ಷ ದುರಸ್ತಿ ಮಾಡುತ್ತಲೇ ತೀರಿಕೊಂಡ. ಪೆಟ್ಟಿಗೆ ಮಾತ್ರ ಬದುಕಿತು. ಆ ಗುಡ್ಡದ ಎರಡು ತಲೆಮಾರು ಅದರ ಮುಂದೆ ನಿಂತು ಬೆಳೆದಿದೆ, ಇದೊಲೀನಾಳ ಗಂಡನೂ ಸೇರಿ.

ಹಾಗಂತ ಪೆಟ್ಟಿಗೆ ಬಲು ಸಾಧು ಎಂದು ಕೂಕಾ ಎಂದೂ ವಾದಿಸಿದವಳಲ್ಲ. ಆಡಿ ಬಂದ ಮೊಮ್ಮಗ ಉರಿಯೆಲ್ ಪೊರಕೆ ಹಿಡಿದು ಕೋಳಿಗಳಿಗೆ ಗುರಿಯಿಡುವುದನ್ನು ನೋಡಿ ಅವಳಿಗೂ ಕಸಿವಿಸಿಯಾಗಿತ್ತು. ಸೋತ ಸಿಟ್ಟಿಗೆ ಒಬ್ಬ ಇನ್ನೊಬ್ಬನ ಮೂಗಿಗೆ ಗುದ್ದಿದ ದಿನ ಪ್ಲಗ್ಗು ಕಿತ್ತು ವಾರ ಮುಚ್ಚಿಟ್ಟಿದ್ದಳು. ಸಮವಸ್ತ್ರದಲ್ಲಿ ಬಂದರೆ ಆಟವಿಲ್ಲ, ಮನೆಪಾಠ ತೋರಿಸದಿದ್ದರೆ ಆಟವಿಲ್ಲ. ಇಷ್ಟೆಲ್ಲ ಕಾವಲು ಕಾದವಳಿಗೆ ಸಭೆಯಲ್ಲಿ ಇದೊಲೀನಾ ಎದ್ದು ನಿಂತು, "ನಮ್ ಮಕ್ಳಿಗೆ ಗುಂಡು ಹೊಡಿಯೋದು ಕಲಿಸ್ತಿರೋದು ಈ ದೋನ್ಯಾನೇ ಕಣ್ರೀ! ಆ ಪೆಟ್ಟಿಗೆ ಎತ್ತಿಸ್ಬೇಕು," ಎಂದಳು. ಅರ್ಧ ಸಭೆ ಚಪ್ಪಾಳೆ ತಟ್ಟಿತು.

"ಎತ್ಸಮ್ಮ, ಎತ್ಸು. ನಿನ್ ಗಂಡ ಅದ್ರಲ್ಲಿ ಆಡಿ ಆಡಿ ಎಷ್ಟ್ ಜನಾನ ಕೊಂದಿದಾನೆ ಕೇಳ್ಕೊಂಡು ಬಾ," ಎಂದು ಕೂಕಾ ತಿರುಗಿಬಿದ್ದಳು. ನಗು ಎದ್ದಿತು, ಆದರೆ ಸಹಿ ಸಂಗ್ರಹವೂ ಶುರುವಾಯಿತು. ಆ ಹಟಕ್ಕೇ ಅವಳು ಚೀಲ ನೋಡುವ ಸರದಿಗೆ ಹೆಸರು ಕೊಟ್ಟದ್ದು.

ಎಂಟಕ್ಕೆ ಐದು ನಿಮಿಷವಿರುವಾಗ ಮಾರೆಲಿಯ ಸರದಿ ಬಂತು. ಐದನೇ ತರಗತಿಯ ಹುಡುಗಿ, ಹನ್ನೊಂದು ವರ್ಷ, ಎರಡು ಬಿಗಿ ಜಡೆ. ಪೆಟ್ಟಿಗೆಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವಳು ಇವಳೇ. ಇದೊಲೀನಾಳ ಮೇಜು ಖಾಲಿಯಾಗಿ "ಬಾರೇ ಇಲ್ಲಿ" ಎಂದು ಕರೆದರೂ ಹುಡುಗಿ ಕದಲಲಿಲ್ಲ. ಹಿಂದಿನವರನ್ನು ಮುಂದೆ ಬಿಟ್ಟು ಕೂಕಾಳ ಮೇಜಿಗೇ ಕಾದಳು. ಕೂಕಾ ಚೀಲ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ತೂಕ ಪುಸ್ತಕದ್ದಲ್ಲ. ಒಳಗೆ ಕೈಹಾಕಿದಳು. ಸ್ವೆಟರಿನಲ್ಲಿ ಏನನ್ನೋ ಸುತ್ತಿಟ್ಟಿತ್ತು. ಉಣ್ಣೆಯ ಒಳಗೆ ಕಬ್ಬಿಣ ತಣ್ಣಗಿತ್ತು, ಬೆರಳಿಗೆ ಪಿಸ್ತೂಲಿನ ಹಿಡಿಕೆ ತಾಗಿತು. ಮೊದಲು ಬಂದ ಯೋಚನೆ ಒಂದೇ: ಇದು ನನ್ನ ಪೆಟ್ಟಿಗೆ ಮಾಡಿದ ಕೆಲಸ. ಇದೊಲೀನಾ ಹೇಳಿದ್ದೇ ನಿಜ. ನಾನೇ ಈ ಮಗುವನ್ನು ಕೆಡಿಸಿಬಿಟ್ಟೆ.

ತಲೆಯೆತ್ತಿ ನೋಡಿದರೆ ಮಾರೆಲಿ ಅಳುತ್ತಿರಲಿಲ್ಲ, ಓಡುವ ಹಾಗೂ ಇರಲಿಲ್ಲ. ಮೇಜಿನ ಅಂಚು ಹಿಡಿದು, ತುಟಿ ಮಾತ್ರ ಅಲ್ಲಾಡುವ ಹಾಗೆ ಹೇಳಿದಳು: "ದೋನ್ಯಾ, ಅದ್ನ ಮನೆಗೆ ವಾಪಸ್ ಕಳಿಸ್ಬೇಡಿ. ಕಳ್ಸಲ್ಲ ಅಂತ ಮಾಸ್ತರ್ ಹೇಳಿದಾರೆ."

"ಏನದು ಅಷ್ಟ್ ಹೊತ್ತು?" ಪಕ್ಕದಿಂದ ಇದೊಲೀನಾ ಕತ್ತು ಚಾಚಿದಳು.

ಹಿಂದೆ ಮೂವತ್ತು ಮಕ್ಕಳ ಸಾಲು. ಕೂಗಿದರೆ ನೂಕುನುಗ್ಗಲು, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕೂಕಾ ಜಿಪ್ಪು ಎಳೆದು ಚೀಲವನ್ನು ಎದೆಗವಚಿಕೊಂಡಳು. "ಹುರುಳಿ ಸಾರು ಚೆಲ್ಕೊಂಡಿದಾಳೆ, ಪುಸ್ತಕ ಎಲ್ಲ ಗೊಜ್ಜು. ತೊಳಸ್ಕೊಂಡು ಬರ್ತೀನಿ, ನನ್ ಸಾಲೂ ನೋಡ್ಕೋ," ಎಂದಳು. ಇನ್ನೊಂದು ಕೈಯಲ್ಲಿ ಮಾರೆಲಿಯನ್ನು ಹಿಡಿದು ಅಂಗಳ ದಾಟಿದಳು.

ಹೆಡ್‌ಮಾಸ್ತರರ ಕೋಣೆಯ ಬಾಗಿಲು ಮುಚ್ಚಿ, ಚೀಲವನ್ನು ಬೀರುವಿನ ನೆತ್ತಿಯ ಮೇಲಿಟ್ಟು, ಕೂಕಾ ವಿಷಯ ಹೇಳಿದಳು. ಬಾಲ್ದೊಮೇರೊ ಒಳ್ಳೆಯ ಮನುಷ್ಯ, ಆದರೆ ಕಾಗದ ನೋಡದೆ ಕೆಮ್ಮಲೂ ಹಿಂಜರಿಯುವವರು. ಪೊಲೀಸರಿಗೆ ಫೋನು ಮಾಡಿದರು. ಅರ್ಧ ಗಂಟೆಯಾಗುತ್ತದೆ ಎಂದು ಉತ್ತರ ಬಂತು. ಕೂಕಾ ಹುಡುಗಿಯ ಮುಂದೆ ಮಂಡಿಯೂರಿದಳು.

"ಯಾರ್ದು ಮಗಳೇ?"

"ಲಿಬೋರಿಯೊದು." ಲಿಬೋರಿಯೊ ಎಂದರೆ ಅವಳ ಮಲತಂದೆ, ಗೋದಾಮಿನ ಕಾವಲುಗಾರ. "ಭಾನುವಾರ ಊಟಕ್ಕೆ ಕೂತಾಗ ತಟ್ಟೆ ಪಕ್ಕ ಇಟ್ಕೊಂಡಿದ್ದ. ಅಮ್ಮ ಮನೆ ಬಿಟ್ಟು ಹೋದ್ರೆ ಗುಂಡು ಹೊಡೀತೀನಿ ಅಂದ. ಅಮ್ಮ ಬಿಡ್ತಾಳೆ ದೋನ್ಯಾ, ಬಟ್ಟೆ ಕಟ್ಟಿಟ್ಟಿದಾಳೆ, ನಾನ್ ನೋಡಿದೀನಿ. ಅದಕ್ಕೇ ಅವ್ನು ಮಲಗಿದ್ದಾಗ ಎತ್ಕೊಂಡ್ ಬಂದೆ. ಇಲ್ಲಿ ಸಿಕ್ರೆ ವಾಪಸ್ ಕೊಡಲ್ಲ ಅಲ್ವಾ?"

ಊರಿಗೆ ಊರೇ ಶಾಲೆಯನ್ನು ಮಕ್ಕಳಿಂದ ಕಾಯಲು ಮೇಜು ಹಾಕಿದ್ದರೆ, ಈ ಪುಟ್ಟ ಜೀವ ಅದೇ ಮೇಜನ್ನು ತನ್ನ ತಾಯಿಯನ್ನು ಕಾಯಲು ಬಳಸಿಕೊಂಡಿತ್ತು.

ಅಷ್ಟರಲ್ಲಿ ಬಾಲ್ದೊಮೇರೊ ಕಡತ ತೆರೆದು, ಸಾಲಿನ ಮೇಲೆ ಬೆರಳಿಟ್ಟು, ಮತ್ತೆ ಫೋನಿಗೆ ಕೈ ಹಾಕಿದರು. "ನಿಯಮದ ಪ್ರಕಾರ ಪೋಷಕರಿಗೆ ತಕ್ಷಣ ತಿಳಿಸ್ಬೇಕು."

ಕೂಕಾ ಫೋನಿನ ಮೇಲೆ ಅಂಗೈ ಒತ್ತಿದಳು. "ಅಲ್ಲಿ ಬರ್ದಿರೋ ನಂಬರ್ ಯಾರ್ದು ಮಾಸ್ತರೇ?"

ಅವರು ಮತ್ತೆ ಓದಿದರು. ಫೋನಿನಿಂದ ಕೈ ತೆಗೆದರು. ಪೋಷಕ: ಲಿಬೋರಿಯೊ.

"ಅಮ್ಮ ಮನೇಲಿದಾಳಾ ಮಗಳೇ? ಅವ್ನು ಎಷ್ಟೊತ್ತಿಗೆ ಏಳ್ತಾನೆ?"

"ಇದಾಳೆ. ಅವ್ನು ಏಳೋದು ಒಂಬತ್ತಕ್ಕೆ. ಎದ್ದ ತಕ್ಷಣ ದಿಂಬಿನ ಕೆಳಗೆ ಕೈ ಹಾಕ್ತಾನೆ." ಈಗ ಮಾತ್ರ ಹುಡುಗಿ ಗಡಿಯಾರದ ಕಡೆ ತಿರುಗಿದಳು. ಅಮ್ಮ ಅವನೊಟ್ಟಿಗೇ ಉಳಿದಿದ್ದಾಳೆ ಎಂಬುದು ಅವಳ ಯೋಜನೆಯಲ್ಲಿ ಇರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಎಂಟೂ ಇಪ್ಪತ್ತು. ಪೊಲೀಸರನ್ನು ನೇರ ಆ ಮನೆಗೇ ಕಳಿಸಿ ಎಂದು ಹೇಳಿ ಕೂಕಾ ಶಾಲು ಹೊದ್ದು ಹೊರಟಳು. ಮಾಸ್ತರು "ನಿಲ್ಲಿ ದೋನ್ಯಾ, ನಿಮಗೇನಾದ್ರೂ ಆದ್ರೆ" ಎನ್ನುವಷ್ಟರಲ್ಲಿ ಅವಳು ಹಿಂದಿನ ಗೇಟು ದಾಟಿದ್ದಳು. ಪೊಲೀಸರ ಅರ್ಧ ಗಂಟೆ ಎಷ್ಟು ಉದ್ದವಾಗಬಹುದೆಂದು ಗುಡ್ಡದವರಿಗೆ ಗೊತ್ತು.

ಗುಡ್ಡದ ಮೆಟ್ಟಿಲು ಹತ್ತಿ ಮಾರೆಲಿಯ ಮನೆ ಮುಟ್ಟಿದಾಗ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬಾಗಿಲು ತಟ್ಟುವ ಮೊದಲೇ ಒಳಗೆ ಡ್ರಾಯರು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಇವತ್ತು ಅವನು ಬೇಗ ಎದ್ದಿದ್ದ. ಈಗ ಹಿಂದಿರುಗಿದರೂ ಯಾರೂ ಅವಳನ್ನು ಹಳಿಯುತ್ತಿರಲಿಲ್ಲ. ತಟ್ಟಿದಳು.

ಬನಿಯನ್ನಿನಲ್ಲಿ ಲಿಬೋರಿಯೊ ಬಾಗಿಲು ತೆಗೆದ. ಹಿಂದೆ ಒಲೆಯ ಬಳಿ ತೆಂಚಾ, ಮಾರೆಲಿಯ ತಾಯಿ, ಕೈಯಲ್ಲಿ ತೊರ್ತಿಯಾ ರೊಟ್ಟಿಯ ಹಿಟ್ಟಿನ ಉಂಡೆ. ಅವಳ ಒಂದು ಕೆನ್ನೆ ಕೆಂಪಾಗಿತ್ತು. ನೆಲದ ಮೇಲೆ ಬಟ್ಟೆಗಳ ರಾಶಿ.

"ಏನ್ ದೋನ್ಯಾ, ಅಂಗಡಿ ಬಿಟ್ಟು ಇಲ್ಲೇನ್ ಕೆಲ್ಸ?"

ದಾರಿಯುದ್ದಕ್ಕೂ ಕೂಕಾ ಹತ್ತು ಸುಳ್ಳು ಕಟ್ಟಿ ಹತ್ತನ್ನೂ ಬಿಟ್ಟಿದ್ದಳು. ಮಗುವಿಗೆ ಹುಷಾರಿಲ್ಲ ಎಂದರೆ ಅವನೂ ಬರುತ್ತಾನೆ. ಶಾಲೆ ಎಂದರೆ ಚೀಲ ನೆನಪಾಗುತ್ತದೆ. ಆಗ ಬಾಯಿಗೆ ಬಂದದ್ದು ತನ್ನದೇ ಅವಮಾನ.

"ನನ್ ಹಣೆಬರಹ ಕಣಪ್ಪ. ನನ್ ಪೆಟ್ಟಿಗೆ ಎತ್ತಿಸ್ತಿದಾರೆ. ಅರ್ಜಿಗೆ ತಾಯಂದ್ರೇ ಬಂದು ಸಹಿ ಹಾಕ್ಬೇಕಂತೆ, ಸಮಿತಿಯವ್ರು ಅಂಗಡಿ ಮುಂದೆ ಕೂತಿದಾರೆ. ತೆಂಚಾಂದೊಂದು ಬಾಕಿ ಇದೆ. ನನ್ ಕೈಲೇ ಕರ್ಯೋಕೆ ಕಳ್ಸಿದಾರೆ ನೋಡು, ಆ ಇದೊಲೀನಾಗೆ ಎಷ್ಟ್ ಕೊಬ್ಬು!"

ಲಿಬೋರಿಯೊನ ಮುಖ ಸಡಿಲವಾಯಿತು. ನಕ್ಕುಬಿಟ್ಟ. "ಕೊನೆಗೂ ಆ ದರಿದ್ರ ತೊಲಗುತ್ತಾ? ನಮ್ ಹುಡುಗೀನ ಹಾಳ್ ಮಾಡಿದ್ದೇ ಅದು ದೋನ್ಯಾ. ಮನೆಗೇ ಬರಲ್ಲ, ಕತ್ಲಾಗೋವರ್ಗೂ ಅಲ್ಲೇ ಬಿದ್ದಿರ್ತಾಳೆ. ಮಕ್ಳ ಕೈಗೆ ಗುಂಡಿನಾಟ ಕೊಟ್ರೆ ಇನ್ನೇನಾಗುತ್ತೆ?"

"ನಿಜ ಕಣಪ್ಪ," ಎಂದಳು ಕೂಕಾ. ಜನ್ಮದಲ್ಲಿ ಅಷ್ಟು ಕಹಿಯಾದ ಮಾತು ಅವಳು ಆಡಿರಲಿಲ್ಲ.

"ಹೋಗು, ಹಾಕ್ ಬಾ. ಹತ್ತು ನಿಮಿಷ," ಎಂದು ಅವನು ಹೆಂಡತಿಗೆ ಹೇಳಿದ. ತೆಂಚಾ ಕೈ ಒರೆಸಿಕೊಂಡು ಹೊಸ್ತಿಲು ದಾಟುತ್ತಿದ್ದಂತೆ ಅವಳ ತೋಳು ಹಿಡಿದು ನಿಲ್ಲಿಸಿದ. "ನನ್ ಸಾಮಾನು ನೀನ್ ತೆಗ್ದಿಲ್ಲ ತಾನೇ?"

"ಯಾವ ಸಾಮಾನು?" ತೆಂಚಾ ಕೇಳಿದಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳ ಕಣ್ಣನ್ನೇ ನೋಡುತ್ತ ಅವನು ನಿಂತ. ಕೂಕಾ ಶಾಲಿನೊಳಗೆ ಬೆರಳು ಬಿಗಿದುಕೊಂಡು, ಅಲ್ಲಿದ್ದ ಹೂಕುಂಡವನ್ನು ನೋಡಿದಳು. ಕೊನೆಗೆ ತೋಳು ಬಿಟ್ಟ.

ಇಬ್ಬರೂ ಓಡಲಿಲ್ಲ. ಅವನು ನೋಡುತ್ತಿದ್ದಾನೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಕೂಕಾ ಇದೊಲೀನಾಳನ್ನು ಜೋರಾಗಿ ಬೈಯುತ್ತ ಒಂದೊಂದೇ ಮೆಟ್ಟಿಲು ಇಳಿದಳು. ತಿರುವು ದಾಟಿ ಮನೆ ಮರೆಯಾದ ಮೇಲೆ ತನ್ನ ಶಾಲು ತೆಗೆದು ತೆಂಚಾಳ ಹೆಗಲಿಗೆ ಹೊದಿಸಿ ಹೇಳಿದಳು: "ಸಹಿ ಇಲ್ಲ, ಏನೂ ಇಲ್ಲ. ಅವ್ನ ಪಿಸ್ತೂಲನ್ನ ನಿನ್ ಮಗಳು ಶಾಲೆಗೆ ತಂದ್ಬಿಟ್ಟಿದಾಳೆ. ನೀನಿನ್ನು ಆ ಮನೆಗೆ ಹೋಗ್ಬೇಡ. ಈಗ ಓಡು."

ತೆಂಚಾ ಮನೆಯ ಚಪ್ಪಲಿಯಲ್ಲೇ ಓಡಿದಳು. ಶಾಲೆಯ ಹಿಂದಿನ ಗೇಟಿನಲ್ಲಿ ಮಾರೆಲಿ ಅಮ್ಮನ ಸೊಂಟಕ್ಕೆ ಮುಖ ಹುದುಗಿಸಿದವಳು ಪೊಲೀಸರು ಬಂದು ಮಾತಾಡಿಸಿದರೂ ಬಿಡಲಿಲ್ಲ. ಲಿಬೋರಿಯೊ ಹೆಂಡತಿಯನ್ನು ಹುಡುಕಿಕೊಂಡು ಅಂಗಡಿಯತ್ತ ಇಳಿಯುವಾಗ ಪೊಲೀಸರ ಎರಡನೇ ಟ್ರಕ್ಕಿನವರಿಗೆ ಸಿಕ್ಕಿದ. ಎಷ್ಟು ದಿನ ಒಳಗಿಡುತ್ತಾರೆಂದು ಯಾರೂ ಹೇಳಲಿಲ್ಲ. ಅವನ ಅಣ್ಣತಮ್ಮಂದಿರು ಹೊರಗೇ ಇದ್ದರು. ಸಂಜೆಯ ಬಸ್ಸಿಗೆ ತಾಯಿ ಮಗಳು ಊರು ಬಿಟ್ಟರು. ಎಲ್ಲಿಗೆ ಎಂದು ಕೂಕಾ ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ತನ್ನ ಬಾಯಿಂದ ಕಕ್ಕಿಸಲಾರರು ಎಂದುಕೊಂಡಳು.

ಗುಡ್ಡದಲ್ಲಿ ಸುದ್ದಿ ಬೇರೆಯೇ ಆಗಿ ಹಬ್ಬಿತು. ಆಟದ ಹುಚ್ಚು ಹಿಡಿದ ಹುಡುಗಿ ಪಿಸ್ತೂಲು ಹಿಡಿದು ಶಾಲೆಗೆ ಬಂದಿದ್ದಳಂತೆ. ಆ ಮಗು ಯಾಕೆ ತಂದಿತು ಎಂದು ಹೊರಗೆ ಗೊತ್ತಾದರೆ ಅಣ್ಣತಮ್ಮಂದಿರ ಸಿಟ್ಟು ಅವಳ ಮೇಲೇ ತಿರುಗುತ್ತಿತ್ತು. ಹಾಗಾಗಿ ಮಾಸ್ತರೂ ಬಾಯಿ ಬಿಡಲಿಲ್ಲ, ಕೂಕಾಳೂ ಬಿಡಲಿಲ್ಲ. ಅಷ್ಟು ಬಾಯಿ ಜೋರಿನ ಹೆಂಗಸಿಗೆ ಅದು ಸಣ್ಣ ಶಿಕ್ಷೆಯಲ್ಲ.

ಶನಿವಾರ ಮಧ್ಯಾಹ್ನ ಇದೊಲೀನಾ ನಾಲ್ಕು ಗಂಡಸರನ್ನು ಕರೆದುಕೊಂಡು ಬಂದಳು. "ಈಗೇನ್ ಹೇಳ್ತೀರಿ ದೋನ್ಯಾ?"

ಹೇಳುವುದು ಬೇಕಾದಷ್ಟಿತ್ತು. ಕೂಕಾ ಬಗ್ಗಿ ತಾನೇ ಪ್ಲಗ್ಗು ಕಿತ್ತಳು. "ನಿಧಾನ ಎತ್ರಪ್ಪ, ಎಡಗಾಲು ಸಡಿಲ ಇದೆ. ಚೋನ್ ರಿಪೇರಿ ಮಾಡೋಕ್ ಮುಂಚೇನೇ ಹೋಗ್ಬಿಟ್ಟ," ಎಂದಳು. ಗಾಡಿ ಹೊರಟ ಮೇಲೆ ಕೌಂಟರಿನ ಹಿಂದೆ ಕೂತು ಅತ್ತಳು. ಪೆಟ್ಟಿಗೆಗಾಗಿ ಅತ್ತದ್ದು ಸ್ವಲ್ಪ. ಉಳಿದದ್ದೆಲ್ಲ ಮಾರೆಲಿಗಾಗಿ. ಎರಡು ವರ್ಷ ಆ ಹುಡುಗಿ ನಾಣ್ಯ ಮುಗಿದ ಮೇಲೂ, ಪರದೆಯ ಮೇಲೆ ಆಟ ತಾನಾಗಿ ಓಡುತ್ತಿದ್ದರೂ, ಹಿಡಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿರುತ್ತಿದ್ದಳು. "ಏನೇ ಇದು ಹುಚ್ಚು, ಮನೆಗೆ ಹೋಗೇ," ಎಂದು ಕೂಕಾ ಬೈದು ಬೈದು, ಆ ಲಿಬೋರಿಯೊ ಇದ್ದ ಮನೆಗೇ ಕಳಿಸಿದ್ದಳು. ಆಟದ ಹುಚ್ಚು ಎಂದುಕೊಂಡದ್ದು ಇದೊಲೀನಾ ಒಬ್ಬಳೇ ಅಲ್ಲ.

ಪೆಟ್ಟಿಗೆಯಿದ್ದ ಮೂಲೆಯಲ್ಲಿ ನೆಲದ ಮೇಲೆ ಚೌಕಾಕಾರದ ಕಲೆ ಉಳಿಯಿತು. ಅಲ್ಲಿ ಕೂಕಾ ಎರಡು ಕುರ್ಚಿ ಹಾಕಿದಳು. ಫೆಬ್ರವರಿಯ ಒಂದು ಸಂಜೆ, ಎರಡನೇ ತರಗತಿಯ ಒಬ್ಬಳು ಬ್ರೆಡ್ಡು ಕೊಂಡು, ಚಿಲ್ಲರೆ ಎಣಿಸಿಕೊಂಡು, ಹೋಗದೆ ಆ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೂಕಾಳ ಬಾಯಿಗೆ ಹಳೆಯ ಮಾತೇ ಬಂತು, ನುಂಗಿಕೊಂಡಳು. ಕೌಂಟರಿನಿಂದ ಈಚೆ ಬಂದು ಇನ್ನೊಂದು ಕುರ್ಚಿಯಲ್ಲಿ ಕೂತು ಕೇಳಿದಳು:

"ಮನೇಲಿ ಈಗ ಯಾರ್ಯಾರಿದಾರೆ ಮಗಳೇ?"