ಎರಡುನೂರಾ ಹದಿನಾಲ್ಕರ ಮೊಳೆ

ಭಾನುವಾರದ ಪತ್ರಿಕೆಯಲ್ಲಿ ವಧೂವರರ ಜಾಹೀರಾತಿಗೂ ಕೂದಲೆಣ್ಣೆಯ ಜಾಹೀರಾತಿಗೂ ನಡುವೆ ಇಕ್ಕಟ್ಟಿನಲ್ಲಿ ಕುಳಿತಿರುವ ಸಂಖ್ಯಾ ಸಮಸ್ಯೆಯನ್ನು ಬಿಡಿಸದೆ ನಾನು ಕಾಫಿ ಮುಟ್ಟುವವಳಲ್ಲ. ಮೊನ್ನೆಯ ಪ್ರಶ್ನೆ ನೋಡಿ: ನಾಲ್ಕರಿಂದ ನಿಶ್ಶೇಷವಾಗಿ ಭಾಗವಾದರೆ ಅದು ಸಮಸಂಖ್ಯೆ, ನನ್ನ ಮನಸ್ಸಿನಲ್ಲಿರುವುದು ಸಮಸಂಖ್ಯೆ, ಹಾಗಾದರೆ ಅದು ನಾಲ್ಕರಿಂದ ಭಾಗವಾಗುತ್ತದೆಯೆ? 'ಆಗುತ್ತದೆ' ಎಂದು ಮುದ್ರೆಯೊತ್ತಿದಂತೆ ಬರೆದೆ. ತಲೆಕೆಳಗಾಗಿ ಅಚ್ಚಾಗಿದ್ದ ಉತ್ತರ 'ಹೇಳಲಾಗದು' ಎಂದಿತ್ತು. ಆರು, ಹತ್ತು, ಹದಿನಾಲ್ಕು ಎಂಬ ಬಡಪಾಯಿಗಳು ನನಗೆ ನೆನಪಾಗಿರಲಿಲ್ಲ. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಪಳಗಿಸಿಕೊಂಡು, ದೇವರಿಗೂ ದೆವ್ವಕ್ಕೂ ಒಂದೇ ಉಸಿರಿನಲ್ಲಿ ಪುರಾವೆ ಕೇಳುವ ನನ್ನ ಪಾಲಿಗೆ ಅದು ಉತ್ತರವೇ ಅಲ್ಲ, ಪುಕ್ಕಲರ ಪಲಾಯನ. 'ಹೇಳಲಾಗದು' ಎಂದವರಿಗೆ ಯಾವ ವೇದಿಕೆಯಲ್ಲಿ ಕಪ್ ಕೊಟ್ಟಿದ್ದಾರೆ, ನೀವೇ ಹೇಳಿ.

ಆ ವಾರವೇ ಹರಿಹರದಲ್ಲಿ ಬೆಳಗಿನ ಸ್ಪರ್ಧೆಯೊಂದನ್ನು ಗೆದ್ದು, ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಾತಿ ದಾಟುವಾಗ ದಾವಣಗೆರೆಯ ಮೇಲೆ ಹೊಗೆ ಕಂಡಿತು. ಅಪ್ಪ ಕೆಲಸ ಮಾಡುವ ಗಿರಣಿಯ ಅರಳೆ ಗೋದಾಮಿಗೆ ಬೆಂಕಿ ಬಿದ್ದಿತ್ತು. ಗೇಟಿಗೆ ಓಡಿದರೆ, ಅಮ್ಮ ನಮ್ಮ ವಿನೋಬನಗರದ ಪಕ್ಕದ ಮನೆಯ ರಹಮತ್‌ಬೀಯ ಹೆಗಲಿಗೆ ಒರಗಿ ನಿಂತಿದ್ದಳು.

ಗಿರಣಿಯ ಪದ್ಧತಿ ಸರಳ. ಗೇಟಿನ ಹಲಗೆಯಲ್ಲಿ ಒಬ್ಬೊಬ್ಬರಿಗೊಂದು ಮೊಳೆ, ಮೊಳೆಗೊಂದು ನಂಬರಿನ ಹಿತ್ತಾಳೆ ಬಿಲ್ಲೆ. ಒಳಹೋಗುವಾಗ ತೆಗೆದುಕೊಳ್ಳಬೇಕು, ಹೊರಬರುವಾಗ ನೇತುಹಾಕಬೇಕು. ಉಳಿದವರೆಲ್ಲ ಹೊರಬಂದು ಅವರವರ ಮೊಳೆಗಳು ತುಂಬಿದ್ದವು. ಅಪ್ಪನ ಎರಡುನೂರಾ ಹದಿನಾಲ್ಕು ಮಾತ್ರ ಬೋಳು. ಒಳಗಿದ್ದವರ ಮೊಳೆ ಖಾಲಿ; ಈ ಮೊಳೆ ಖಾಲಿ; ಆದ್ದರಿಂದ ಅಪ್ಪ ಒಳಗೆ. ಟೈಂಕೀಪರ್ ಹಾಗೆಂದರು, ಅಮ್ಮ ಕುಸಿದು ಕೂತಳು, ಪುರಾವೆಯಿಲ್ಲದೆ ಪ್ರಸಾದವನ್ನೂ ಮುಟ್ಟದ ನಾನು ಆ ಹಲಗೆಯನ್ನು ವೇದವಾಕ್ಯದಂತೆ ನಂಬಿ ಗೇಟಿನ ಕಂಬಿ ಹಿಡಿದು ಚೀರಿದೆ.

ಶಾಲೆಯ ಮೆಟ್ಟಿಲು ಹತ್ತದ ರಹಮತ್‌ಬೀ ನನ್ನ ರಟ್ಟೆ ಹಿಡಿದು ಜಗ್ಗಿದಳು. "ಸುಮ್ನಿರವ್ವಾ! ಬಿಲ್ಲೆ ಇಲ್ಲ ಅಂದ್ರೆ ಒಳಗೇ ಅದಾರೆ ಅಂತ ಹೆಂಗೆ? ನಮ್ಮನೆಯವ್ರು ಎಷ್ಟು ಸಲ ಜೇಬ್ನಾಗೇ ಮನಿಗೆ ತಂದಿಲ್ಲ! ಮೊದ್ಲು ಜೊತೆಗೆ ಕೆಲ್ಸ ಮಾಡೋರ್ನ ಕೇಳ್ರಿ."

ಕೇಳಬೇಕೆಂಬುದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ಹಲಗೆ ಅಷ್ಟು ಖಚಿತವಾಗಿ ಮಾತಾಡಿತ್ತು. ಗುಂಪಿನಲ್ಲಿ ಹುಡುಕಿ ಹುಡುಕಿ ಕೇಳಿದೆವು. ಕಡೆಗೆ ಮಸಿ ಮುಖದವನೊಬ್ಬ, "ಅಣ್ಣಾರು ಇವತ್ತು ಬಂದೇ ಇಲ್ಲಲ್ರಿ" ಎಂದ.

ಒಂದು ಗಂಟೆಯ ನಂತರ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಅಪ್ಪ ಊಟದ ಡಬ್ಬಿ ಬೀಸುತ್ತ ಬಂದರು. "ಯಾಕ, ಎಲ್ಲಾರೂ ಇಲ್ಲಿ?" ಹಿಂದಿನ ದಿನ ಮರೆತು ತಂದಿದ್ದ ಬಿಲ್ಲೆ ಅವರ ಜೇಬಿನಲ್ಲೇ ಇತ್ತು. 'ಈ ಬಾಯಿ ಯಾರ ಮನೆ ಬೆಳಗುತ್ತೋ' ಎಂದು ದಿನಾ ಗೊಣಗುವ ಮಹಾನುಭಾವರು ಮನೆಗೂ ಗಿರಣಿಗೂ ಹೇಳದೆ ಕೆಲಸ ತಪ್ಪಿಸಿ, ಹರಿಹರದ ಸಭಾಂಗಣದ ಕೊನೆಯ ಬೆಂಚಿನಲ್ಲಿ ಕೂತು ನನ್ನ ಮಾತು ಕೇಳಿ ರೈಲಿನಲ್ಲಿ ಮರಳಿದ್ದರು. ಅಮ್ಮ ಅಳುತ್ತಲೇ ಬೈದಳು. ಅಪ್ಪ ನನ್ನತ್ತ ತಿರುಗಿ, "ಚೆಂದ ಮಾತಾಡ್ದಿ ಬಿಡು. ಆದ್ರೆ ಆ ಎದುರಿನ ಹುಡುಗ ಹೇಳಿದ್ದೂ ಸರಿ ಐತೆ" ಎಂದರು. ಜನ್ಮದಲ್ಲಿ ಮೊದಲ ಬಾರಿ ನಾನು ಖಂಡನೆಗೆ ಏಳಲಿಲ್ಲ.

ರಹಮತ್‌ಬೀಯ ಮಾತಿಗೂ ಮಸಿ ಮುಖದವನ ಮಾತಿಗೂ ನಡುವಿನ ಆ ಕೆಲವು ನಿಮಿಷ ನಮ್ಮ ಪಾಲಿಗಿದ್ದದ್ದು 'ಹೇಳಲಾಗದು' ಒಂದೇ. ಪಲಾಯನವೆಂದು ನಾನು ಹೀಗಳೆದಿದ್ದ ಆ ಪುಟ್ಟ ಪದದೊಳಗೆ ಒಬ್ಬ ಮನುಷ್ಯ ಬದುಕಿರಲು ಸಾಕಷ್ಟು ಜಾಗವಿತ್ತು.

ಈ ಭಾನುವಾರ ಪತ್ರಿಕೆಯ ಪಕ್ಕದಲ್ಲೇ ಹಿತ್ತಾಳೆ ಬಿಲ್ಲೆ ಬಿದ್ದಿದೆ. ಅಪ್ಪ ಶನಿವಾರ ಮತ್ತೆ ಮರೆತು ತಂದಿದ್ದಾರೆ. ಎರಡುನೂರಾ ಹದಿನಾಲ್ಕು: ಸಮಸಂಖ್ಯೆಯೇ ಸರಿ, ನಾಲ್ಕಕ್ಕೆ ಮಾತ್ರ ಜಗ್ಗದು. "ನಾಳೆಯಾದ್ರೂ ಮೊಳೆಗೆ ಹಾಕಿ ಬರ್ರಿ" ಎಂದು ಅಮ್ಮ ಒಳಗಿಂದ ಕೂಗುತ್ತಿದ್ದಾಳೆ. ಹಾಕಿ ಬರುತ್ತಾರೆಯೆ? ಕಾಫಿ ಹೀರುತ್ತ, ನಾನು ನಿಶ್ಚಿಂತೆಯಿಂದ ಹೇಳುತ್ತೇನೆ: ಹೇಳಲಾಗದು.